ಚಿತ್ರಕಥೆಯ ಅನಂತ ಪೈ ಮತ್ತು ನಮ್ಮ ಗಡಿಯ ಮಕ್ಕಳು
(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯಿಂದ ಕವಿಗಳನ್ನು, ಶರಣರನ್ನು, ನಾಡಿಗಾಗಿ ಹೋರಾಡಿದವರನ್ನು ನೆನೆಯುವುದು ವಾಡಿಕೆ. ಅವರನ್ನು ನೆನೆಯುವ ಕೆಲಸವನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ನೆರವೇರಿಸಿದ್ದಾರೆ. ನಾವು ಇಂದು ಆರಿಸಿಕೊಂಡಿರುವುದು ಒಬ್ಬ ಚಿತ್ರಕಥೆಗಾರನ ಬದುಕನ್ನು. ಶಾಲೆಯ ಮಾತಿಗೆ ಇದು ಹಗುರವಾದ ವಿಷಯವೆಂದು ಕೆಲವರಿಗೆ ತೋರಬಹುದು. ಪಾಠದ ಪುಸ್ತಕದೊಳಗೆ ಚಿತ್ರಕಥೆಯನ್ನು ಬಚ್ಚಿಟ್ಟು ಓದುತ್ತಾ ಸಿಕ್ಕಿಬಿದ್ದು, ಕಿವಿ ಹಿಂಡಿಸಿಕೊಂಡವರು ಈ ಸಭೆಯಲ್ಲಿಯೇ ಇದ್ದೇವೆ. ಅಂದು ನಮ್ಮ ಕೈಯಿಂದ ಕಿತ್ತುಕೊಂಡ ಪುಸ್ತಕದ ಹಿಂದೆ ಎಂಥ ಶ್ರಮವಿತ್ತೆಂಬುದನ್ನು ಇಂದು ಗುರುಗಳ ಸನ್ನಿಧಿಯಲ್ಲಿಯೇ ಹೇಳಿಕೊಳ್ಳುವ ಅವಕಾಶ ದೊರೆತಿರುವುದು ನಮ್ಮ ಭಾಗ್ಯ.

ಆ ಚಿತ್ರಕಥೆಗಾರರು ಅನಂತ ಪೈ. ಜನಿಸಿದ್ದು 1929ರ ಸೆಪ್ಟೆಂಬರ್ 17ರಂದು, ಕರಾವಳಿಯ ಕಾರ್ಕಳದಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಮಗು ಬಂಧುಗಳ ಆಸರೆಯಲ್ಲಿ ಬೆಳೆಯಿತು. ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದ ಹುಡುಗ ಮಾಹಿಮಿನ ಶಾಲೆಯಲ್ಲಿ ಓದಿ, ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ತಂತ್ರಜ್ಞಾನದ ಪದವಿ ಪಡೆದನು. ಮನೆಮಾತು ಕೊಂಕಣಿ, ಹುಟ್ಟಿದ ನೆಲದ ನುಡಿ ಕನ್ನಡ, ಬೆಳೆದ ನಗರದ ನುಡಿ ಮರಾಠಿ, ವೃತ್ತಿಯ ಬರವಣಿಗೆ ಬಹುಪಾಲು ಇಂಗ್ಲಿಷಿನಲ್ಲಿ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ನುಡಿಯನ್ನು ಆಡುತ್ತಲೇ ಬೆಳೆಯುವ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮಕ್ಕಳಿಗೆ ಇಂಥ ಬಾಳು ಅಪರಿಚಿತವಲ್ಲ. ಹಲವು ನುಡಿಗಳ ನಡುವೆ ಬೆಳೆಯುವುದು ಕೊರತೆಯಲ್ಲ, ಬಂಡವಾಳ ಎಂಬುದಕ್ಕೆ ಪೈಯವರ ಜೀವನವೇ ಒಂದು ಸಾಕ್ಷಿ.

ಕಲಿತದ್ದು ವಿಜ್ಞಾನವಾದರೂ ಮನಸ್ಸು ಒಲಿದದ್ದು ಪ್ರಕಾಶನಕ್ಕೆ. 1954ರಲ್ಲಿ 'ಮಾನವ' ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿದರು, ಅದು ಬಾಳಲಿಲ್ಲ. ಬಳಿಕ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ ಸೇರಿದರು. ಆ ಸಂಸ್ಥೆ 1964ರಲ್ಲಿ ಆರಂಭಿಸಿದ 'ಇಂದ್ರಜಾಲ ಕಾಮಿಕ್ಸ್' ಮಾಲೆಯಲ್ಲಿ ಪೈಯವರ ದುಡಿಮೆಯಿತ್ತು. ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಆ ಮಾಲೆಯ ಮೂಲಕ ನಮ್ಮ ದೇಶದ ಮಕ್ಕಳ ಮನೆಗೆ ಬಂದನು. ಚೌಕಟ್ಟಿನಿಂದ ಚೌಕಟ್ಟಿಗೆ ಕಥೆ ಹೇಗೆ ಜಿಗಿಯಬೇಕು, ಪುಟದ ಕೊನೆಯಲ್ಲಿ ಓದುಗನ ಕುತೂಹಲವನ್ನು ಹೇಗೆ ಹಿಡಿದಿಡಬೇಕು ಎಂಬ ಕಸುಬನ್ನು ಪೈಯವರು ಹತ್ತಿರದಿಂದ ಕಂಡದ್ದು ಅಲ್ಲಿ. ಪರದೇಶದ ನಾಯಕನಿಂದ ಕಲಿತ ಕಸುಬನ್ನು ಸ್ವದೇಶದ ಕಥೆಗೆ ಹಚ್ಚಬೇಕೆಂಬ ಛಲ ಹುಟ್ಟಿದ್ದು ಬೇರೊಂದು ಸಂದರ್ಭದಲ್ಲಿ.

ಆ ಸಂದರ್ಭವನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. 1967ರಲ್ಲಿ ದೆಹಲಿಯ ಅಂಗಡಿಯೊಂದರ ದೂರದರ್ಶನ ಪೆಟ್ಟಿಗೆಯಲ್ಲಿ ರಸಪ್ರಶ್ನೆಯ ಕಾರ್ಯಕ್ರಮ ನಡೆದಿತ್ತು. ಗ್ರೀಕ್ ಪುರಾಣದ ಪ್ರಶ್ನೆಗೆ ತಟ್ಟನೆ ಉತ್ತರಿಸಿದ ವಿದ್ಯಾರ್ಥಿಗಳು, ರಾಮನ ತಾಯಿ ಯಾರೆಂದು ಕೇಳಿದಾಗ ಮೌನವಾದರು. ಮಕ್ಕಳನ್ನು ಬೈದು ಸುಮ್ಮನಾಗುವುದು ಸುಲಭವಿತ್ತು. ಪೈಯವರು ಹಾಗೆ ಮಾಡಲಿಲ್ಲ. ಮಗುವಿಗೆ ತಿಳಿಯದಿದ್ದರೆ ತಪ್ಪು ಮಗುವಿನದಲ್ಲ, ಅದರ ಕೈಗೆ ಪುಸ್ತಕ ಕೊಡದ ಹಿರಿಯರದು ಎಂಬ ತೀರ್ಮಾನಕ್ಕೆ ಬಂದರು. ಪ್ರಕಾಶಕರ ಬಾಗಿಲು ತಟ್ಟಿ ನಿರಾಶರಾದ ಮೇಲೆ ಇಂಡಿಯಾ ಬುಕ್ ಹೌಸ್‌ನ ಮಿರ್ಚಂದಾನಿಯವರು ಕೈಹಿಡಿದರು. 'ಅಮರ ಚಿತ್ರಕಥೆ' ಮಾಲೆಯ ಭಾರತೀಯ ಕಥೆಗಳು ಹೀಗೆ ಮೊದಲಾದವು.

ಇಲ್ಲಿ ಕನ್ನಡಿಗರು ನೆನಪಿಡಬೇಕಾದ ಸಂಗತಿಯೊಂದಿದೆ. ಆ ಮಾಲೆಯ ಮೊದಲ ಭಾರತೀಯ ಕಥೆಯಾದ 'ಕೃಷ್ಣ' ಸಂಚಿಕೆಯ ಕ್ರಮಸಂಖ್ಯೆ ಒಂದಲ್ಲ, 11. ಅದಕ್ಕೆ ಮುಂಚಿನ ಹತ್ತು ಸಂಖ್ಯೆಗಳು ಸಿಂಡ್ರೆಲಾಳಂಥ ಪಾಶ್ಚಾತ್ಯ ಕಥೆಗಳವು. ಆ ಹತ್ತು ಪುಸ್ತಕಗಳು 1965ರಲ್ಲಿ ಮೊದಲು ಬೆಳಕು ಕಂಡದ್ದು ಕನ್ನಡದಲ್ಲಿಯೇ ಎಂದೂ, ಅವುಗಳ ಯಶಸ್ಸೇ ಮುಂದಿನ ಸಾಹಸಕ್ಕೆ ಧೈರ್ಯ ಕೊಟ್ಟಿತೆಂದೂ ಬೆಂಗಳೂರಿನಲ್ಲಿ ಆ ಸಂಸ್ಥೆಯ ಪುಸ್ತಕ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿದ್ದಾರೆ. ಕನ್ನಡ ಓದುವ ಮಕ್ಕಳು ಮಾರುಕಟ್ಟೆಯ ಅಂಚಿನಲ್ಲಿ ಕುಳಿತವರೆಂದು ನಮಗೆ ನಾವೇ ಅಂದುಕೊಳ್ಳುವ ಈ ದಿನಗಳಲ್ಲಿ ಆ ಮಾತು ಮನನಕ್ಕೆ ಯೋಗ್ಯವಾದುದು.

ಪುಸ್ತಕ ಬರೆದ ಮಾತ್ರಕ್ಕೆ ಅದು ಮಾರಾಟವಾಗುವುದಿಲ್ಲ. ಚಿತ್ರಕಥೆಯೆಂದರೆ ಮಕ್ಕಳನ್ನು ಕೆಡಿಸುವ ವಸ್ತುವೆಂಬ ನಂಬಿಕೆ ಶಾಲೆಗಳಲ್ಲಿ ಬಲವಾಗಿದ್ದ ಕಾಲ ಅದು. ಪೈಯವರು ಮಾರಾಟಗಾರರಂತೆ ತಾವೇ ತಿರುಗಿದರು. ಪೆಟ್ರೋಲ್ ಬಂಕುಗಳಲ್ಲಿ, ಉಪಾಹಾರ ಗೃಹಗಳಲ್ಲಿ ಪುಸ್ತಕ ನೇತುಹಾಕುವ ಸ್ಟ್ಯಾಂಡುಗಳನ್ನು ಇಡಿಸಿದರು. ಶಿಕ್ಷಕರ ಮನವೊಲಿಸಲು ವಾದಕ್ಕಿಂತ ಪ್ರಯೋಗವನ್ನು ನಂಬಿದರು. ದೆಹಲಿಯ ಶಾಲೆಗಳಲ್ಲಿ ಕೆಲವು ಮಕ್ಕಳಿಗೆ ಪಠ್ಯಪುಸ್ತಕದಿಂದಲೂ ಕೆಲವರಿಗೆ ಚಿತ್ರಕಥೆಯಿಂದಲೂ ಇತಿಹಾಸ ಕಲಿಸಿ, ಫಲವನ್ನು ಹೋಲಿಸಲಾಯಿತು. 1978ರಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತು ದೆಹಲಿಯಲ್ಲಿ ವಿಚಾರಗೋಷ್ಠಿಯೇ ನಡೆಯಿತು. ಕಿವಿ ಹಿಂಡಿದ ಕೈಗಳೇ ಮುಂದೆ ಆ ಪುಸ್ತಕಗಳನ್ನು ಗ್ರಂಥಾಲಯದ ಕಪಾಟಿನಲ್ಲಿ ಜೋಡಿಸಿದವು. ಕಾಲಾಂತರದಲ್ಲಿ ಮಾಲೆಯ ಪುಸ್ತಕಗಳು ನಾಲ್ಕುನೂರನ್ನು ಮೀರಿದವು.

ಚಿತ್ರಕಥೆ ಒಬ್ಬನ ಕೃತಿಯಲ್ಲ ಎಂಬುದನ್ನೂ ಮಕ್ಕಳು ತಿಳಿಯಬೇಕು. ಲೇಖಕನು ಪ್ರತಿಯೊಂದು ಚೌಕಟ್ಟಿನಲ್ಲಿ ಯಾರು ನಿಂತಿದ್ದಾರೆ, ಏನು ಮಾಡುತ್ತಿದ್ದಾರೆ, ಏನು ನುಡಿಯುತ್ತಾರೆ ಎಂದು ಬರೆದುಕೊಡುತ್ತಾನೆ. ಕಲಾವಿದನು ಮೊದಲು ಪೆನ್ಸಿಲಿನಿಂದ, ಮತ್ತೆ ಮಸಿಯಿಂದ ಗೆರೆ ಎಳೆಯುತ್ತಾನೆ. ಅದರ ಮೇಲೆ ಬಣ್ಣ, ಕೊನೆಗೆ ಅಕ್ಷರ. 'ಕೃಷ್ಣ'ನನ್ನು ಚಿತ್ರಿಸಿದವರು ರಾಮ್ ವಾಯಿರ್ಕರ್. ಮಾಲೆಯ ಇನ್ನೊಬ್ಬ ಹೆಸರಾಂತ ಕಲಾವಿದರು ಪುಣೆಯ ಪ್ರತಾಪ ಮುಳೀಕ್. ಕಾರ್ಕಳದಲ್ಲಿ ಹುಟ್ಟಿದವರ ಬರಹಕ್ಕೆ ಮಹಾರಾಷ್ಟ್ರದ ಕಲಾವಿದರ ಕುಂಚ ಜೊತೆಯಾಯಿತು. ಎರಡು ರಾಜ್ಯಗಳ ಗೆರೆಯ ಮೇಲೆ ಬದುಕುವ ನಮಗೆ ಈ ಕೂಡುವಿಕೆ ಹಿತವೆನಿಸುತ್ತದೆ. ಜ್ಞಾನೇಶ್ವರ, ತುಕಾರಾಮ, ಶಿವಾಜಿ, ಕೃಷ್ಣದೇವರಾಯ, ತೆನಾಲಿ ರಾಮ ಎಲ್ಲರೂ ಒಂದೇ ಮಾಲೆಯಲ್ಲಿ ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತರು. 1979ರಲ್ಲಿ ಬಾಬಾಸಾಹೇಬ ಅಂಬೇಡ್ಕರರ ಜೀವನವೂ ಸೇರಿತು.

ಪೈಯವರ ಅಭಿರುಚಿಯ ಮಾತನ್ನೂ ಆಡಬೇಕು. ಸತ್ಯವನ್ನು ಹೇಳಬೇಕು, ಆದರೆ ಪ್ರಿಯವಾಗುವಂತೆ ಹೇಳಬೇಕು ಎಂಬ ಹಳೆಯ ಸಂಸ್ಕೃತ ನೀತಿಯನ್ನು ಅವರು ತಮ್ಮ ಸಂಪಾದನೆಯ ಸೂತ್ರವೆಂದು ಹೇಳಿಕೊಳ್ಳುತ್ತಿದ್ದರು. ಮಗುವಿನ ಮನಸ್ಸಿಗೆ ಕಹಿಯಾಗುವುದನ್ನು ಬದಿಗಿಡುವುದು ಅವರ ಆಯ್ಕೆ. ಆ ಆಯ್ಕೆಯಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಒಳ್ಳೆಯವರು ಬೆಳ್ಳಗೆ, ರಾಕ್ಷಸರು ಕಪ್ಪಗೆ ಕಾಣುವಂತೆ ಬಣ್ಣ ಬಳಿದರೆಂದು, ಸ್ತ್ರೀಯರ ಕಥೆಗಳು ಕಡಿಮೆಯೆಂದು, ಇತಿಹಾಸದ ಒರಟು ಮೂಲೆಗಳನ್ನು ನಯಗೊಳಿಸಿದರೆಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪಗಳಲ್ಲಿ ತಿರುಳಿದೆ. ಸುಡುಬಿಸಿಲಿನ ಈ ಸೀಮೆಯಲ್ಲಿ ಕಪ್ಪು ಮೈಬಣ್ಣದ ಮಗು ತನ್ನ ಬಣ್ಣವನ್ನು ರಾಕ್ಷಸನ ಮೈಮೇಲೆ ಮಾತ್ರ ಕಂಡರೆ ಅದರ ಮನಸ್ಸಿಗೆ ಏನಾದೀತೆಂದು ನಾವು ಕೇಳಲೇಬೇಕು. ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪನ್ನು ಮುಚ್ಚುವುದಲ್ಲ; ಅವರು ನಿಲ್ಲಿಸಿದಲ್ಲಿಂದ ಮುಂದುವರಿಯುವುದು.

1980ರಲ್ಲಿ ಅವರು 'ಟಿಂಕಲ್' ಪತ್ರಿಕೆಯನ್ನು ಆರಂಭಿಸಿದರು. ಸ್ವಂತ ಮಕ್ಕಳಿಲ್ಲದ ಪೈ ದಂಪತಿಗಳಿಗೆ ದೇಶದ ಮಕ್ಕಳೆಲ್ಲ ಮಕ್ಕಳಾದರು. 'ಅಂಕಲ್ ಪೈ' ಎಂಬ ಹೆಸರು ಹುಟ್ಟುಹೆಸರನ್ನೇ ಮರೆಸಿತು. ಆ ಪತ್ರಿಕೆಯ ಜನಪ್ರಿಯ ಪಾತ್ರ ಸುಪ್ಪಂಡಿ. ಹೇಳಿದ್ದನ್ನು ಹೇಳಿದಂತೆಯೇ ಮಾಡಿ ಎಡವಟ್ಟು ತರುವ ಆ ಮುಗ್ಧ ಆಳು ಯಾವ ಸಂಪಾದಕನ ಮೇಜಿನ ಮೇಲೂ ಹುಟ್ಟಲಿಲ್ಲ. ತಮಿಳುನಾಡಿನ ಓದುಗರೊಬ್ಬರು ತಮ್ಮ ಕಡೆಯ ಜನಪದ ಕಥೆಗಳನ್ನು ಬರೆದು ಕಳಿಸಿದರು, 1983ರಲ್ಲಿ ಅವನು ಅಚ್ಚಿನಲ್ಲಿ ಬಂದನು, ದೇಶವೆಲ್ಲ ನಕ್ಕಿತು. ಒಂದು ಊರಿನ ಕಥೆ ಅಂಚೆಯ ಲಕೋಟೆಯೊಂದರಲ್ಲಿ ಹೊರಟು ಎಲ್ಲರ ಮನೆ ಸೇರಬಹುದೆಂಬ ಈ ಪಾಠವನ್ನು ಮಕ್ಕಳು ಗಟ್ಟಿಯಾಗಿ ಹಿಡಿದುಕೊಳ್ಳಲಿ. 2011ರ ಫೆಬ್ರವರಿ 24ರಂದು, ದೆಹಲಿಯ ಚಿತ್ರಕಥಾ ಸಮಾವೇಶದಲ್ಲಿ ಜೀವಮಾನ ಸಾಧನೆಯ ಗೌರವ ಸ್ವೀಕರಿಸಿದ ಕೆಲವೇ ದಿನಗಳಲ್ಲಿ, ಪೈಯವರು ಮುಂಬಯಿಯಲ್ಲಿ ತೀರಿಕೊಂಡರು.

ಈಗ ನಮ್ಮ ಮಾತು. ದೆಹಲಿಯ ಆ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ಕೇಳಿದರೆ ಎಲ್ಲ ಮಕ್ಕಳೂ ಕೈ ಎತ್ತುತ್ತಾರೆ. ಭಜನೆ, ಕೀರ್ತನೆ, ಪುರಾಣ ಪ್ರವಚನಗಳ ನಾಡಿನಲ್ಲಿ ಕೌಸಲ್ಯೆಯನ್ನು ಅರಿಯದ ಮಗುವಿಲ್ಲ. ನಮ್ಮ ಮಕ್ಕಳು ಮೌನವಾಗುವ ಪ್ರಶ್ನೆ ಬೇರೆಯದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಹೇಳುವಾಗ, ನಾವು ಕುಳಿತಿರುವ ಈ ನೆಲ ಆ ಗೆರೆಯ ಒಳಗಿತ್ತೇ ಹೊರಗಿತ್ತೇ? ರಾಷ್ಟ್ರಕೂಟ ಅರಸರು ತಮ್ಮನ್ನು ಲತ್ತಲೂರ ಪುರದ ಅಧೀಶ್ವರರೆಂದು ಕರೆದುಕೊಂಡರಲ್ಲ, ಆ ಲತ್ತಲೂರು ಯಾವುದು? ನಮ್ಮ ಜಿಲ್ಲಾ ಕೇಂದ್ರವಾದ ಲಾತೂರೇ ಅದೆಂದು ವಿದ್ವಾಂಸರು ಗುರುತಿಸುತ್ತಾರೆಂದು ಎಷ್ಟು ಮಕ್ಕಳಿಗೆ ಗೊತ್ತು? ಉದಗೀರ, ನಿಲಂಗಾ ತಾಲೂಕುಗಳು ನಿಜಾಮನ ಕಾಲದಿಂದ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆಯ ಭಾಗವಾದ ಕಥೆಯನ್ನು ಅಜ್ಜಂದಿರು ಹೇಳಬಲ್ಲರು, ಮೊಮ್ಮಕ್ಕಳು ಕೇಳಿಲ್ಲ.

ತಪ್ಪು ಮಕ್ಕಳದಲ್ಲ. ನಾವು ಅವರ ಕೈಗೆ ಪುಸ್ತಕ ಕೊಟ್ಟಿಲ್ಲ. ಪುಣೆಯ ಬಾಲಭಾರತಿ, ಅದೂ 1967ರಲ್ಲಿಯೇ ಹುಟ್ಟಿದ ಸಂಸ್ಥೆ, ಮಹಾರಾಷ್ಟ್ರದ ಕನ್ನಡ ಮಕ್ಕಳಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚುಮಾಡುತ್ತದೆ. ಅದಕ್ಕೆ ನಾವು ಕೃತಜ್ಞರು. ಆದರೆ ಪಠ್ಯಪುಸ್ತಕವನ್ನು ಮಗು ಪರೀಕ್ಷೆಗಾಗಿ ಓದುತ್ತದೆ. ಹಾಸಿಗೆಯಲ್ಲಿ ಮಲಗಿ, ಬೇವಿನ ಮರದ ನೆರಳಲ್ಲಿ ಕುಳಿತು, ಯಾರೂ ಹೇಳದೆ ಓದುವ ಪುಸ್ತಕ ಬೇರೆ. ಯಾರೂ ಹೇಳದೆ ಓದುವ ಪುಸ್ತಕ ಯಾವ ನುಡಿಯಲ್ಲಿದೆಯೋ ಆ ನುಡಿಯೇ ಮಗುವಿನಲ್ಲಿ ಉಳಿಯುತ್ತದೆ. ಪಟ್ಟಿಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಗಡಿಯ ಶಾಲೆಗಳಿಗೆ ಇದು ಉಳಿವಿನ ಪ್ರಶ್ನೆ.

ಆದಕಾರಣ ಈ ಶತಮಾನೋತ್ಸವದ ಸಂದರ್ಭದಲ್ಲಿ ನಾವು ಎರಡು ಸಣ್ಣ ಕೆಲಸಗಳನ್ನು ಬೇಡುತ್ತೇವೆ. ಮೊದಲನೆಯದು, ಶಾಲೆಯಲ್ಲಿ ಚಿತ್ರಕಥೆಗಳ ಒಂದು ಕಪಾಟು, ಬೀಗವಿಲ್ಲದ್ದು. ಚಿತ್ರಕಥೆಯನ್ನು ಅನುವಾದಿಸುವಾಗ ಚಿತ್ರ ಬದಲಾಗುವುದಿಲ್ಲ, ಮಾತಿನ ಗುಳ್ಳೆಯೊಳಗಿನ ಅಕ್ಷರ ಮಾತ್ರ ಬದಲಾಗುತ್ತದೆ. ಒಂದೇ ಕಥೆಯ ಕನ್ನಡ ಮತ್ತು ಮರಾಠಿ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಮಗು ಎರಡೂ ಲಿಪಿಗಳನ್ನು ಆಟವಾಡುತ್ತ ಕಲಿಯುತ್ತದೆ. ಯಾವ ಗುಳ್ಳೆಯಲ್ಲಿ ಕನ್ನಡ ಇಕ್ಕಟ್ಟಾಗಿದೆ, ಎಲ್ಲಿ ಮರಾಠಿಗಿಂತ ಸೊಗಸಾಗಿದೆ ಎಂದು ತಾನೇ ತೂಗಿ ನೋಡುತ್ತದೆ. ಈ ಭಾಗ್ಯ ಬೆಂಗಳೂರಿನ ಮಗುವಿಗೂ ಇಲ್ಲ, ಪುಣೆಯ ಮಗುವಿಗೂ ಇಲ್ಲ.

ಎರಡನೆಯದು, ಮಕ್ಕಳ ಕೈಯಿಂದಲೇ ನಮ್ಮ ಸೀಮೆಯ ಚಿತ್ರಕಥೆ. ಅದಕ್ಕೆ ಮುಂಬಯಿಯ ಮುದ್ರಣಾಲಯ ಬೇಕಿಲ್ಲ. ಎಂಟು ಹಾಳೆ, ಒಂದು ಪೆನ್ಸಿಲು, ಮನೆಯಲ್ಲಿ ಒಬ್ಬ ಅಜ್ಜಿ ಇದ್ದರೆ ಸಾಕು. 1760ರಲ್ಲಿ ಉದಗೀರದ ಬಳಿ ಮರಾಠರಿಗೂ ನಿಜಾಮನ ಸೈನ್ಯಕ್ಕೂ ನಡೆದ ಕಾಳಗವಿದೆ. ಉಮರ್ಗಾದಿಂದ ಹೆಚ್ಚು ದೂರವಿಲ್ಲದ ಕಲ್ಯಾಣದಲ್ಲಿ ಶರಣರು ಕಾಯಕಕ್ಕೆ ಬೆಲೆ ತಂದ ಕಥೆಯಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಊರಿಗೆ ಊರೇ ಕುಸಿದಾಗ ಕಲ್ಲು ಸರಿಸಿ ಜೀವ ಉಳಿಸಿದ, ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದ ಜನರಿದ್ದಾರೆ. ಅವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಅವರು ನುಡಿದ ನಮ್ಮ ಕಡೆಯ ಕನ್ನಡದಲ್ಲಿಯೇ ಗುಳ್ಳೆಗಳನ್ನು ತುಂಬಿರಿ. ಮರಾಠಿ, ಉರ್ದು ಪದಗಳು ಬೆರೆತ ಆ ಕನ್ನಡಕ್ಕೆ ನಾಚಬೇಡಿರಿ. ಬಣ್ಣ ಹಾಕುವಾಗ ನಮ್ಮ ಜನರ ಮೈಬಣ್ಣವನ್ನೇ ಹಾಕಿರಿ.

ಮೊದಲ ಪತ್ರಿಕೆ ನಿಂತುಹೋದಾಗ ಅನಂತ ಪೈಯವರು ಇನ್ನೂ ತರುಣರಾಗಿದ್ದರು. ಅಂದು ಅವರು ಪೆನ್ನು ಕೆಳಗಿಟ್ಟಿದ್ದರೆ ನಾವು ಇಂದು ಈ ಮಾತನ್ನೇ ಆಡುತ್ತಿರಲಿಲ್ಲ. ನಿಮ್ಮ ಮೊದಲ ಎಂಟು ಹಾಳೆ ಚೆನ್ನಾಗಿ ಬರದಿದ್ದರೂ ಹರಿಯಬೇಡಿರಿ, ಮಕ್ಕಳೇ. ಗುರುಗಳಿಗೆ ತೋರಿಸಿರಿ. ಅವರು ಅದನ್ನು ಕಿತ್ತುಕೊಳ್ಳದೆ ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಾರೆಂಬ ಭರವಸೆಯನ್ನು ಈ ಸಭೆಯ ಪರವಾಗಿ ನಾವು ಕೊಡುತ್ತೇವೆ.