ಹುಟ್ಟುಹಬ್ಬ ಈ ಸಲ ಮನೆಯಲ್ಲೇ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ನಿಮ್ಮಲ್ಲಿ ಕೆಲವರು ಈಗ ಅಡುಗೆಮನೆಯಲ್ಲಿರಬಹುದು, ಇನ್ನು ಕೆಲವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರಬಹುದು. ಎಲ್ಲೇ ಇರಿ, ಹತ್ತು ನಿಮಿಷ ನನ್ನ ಜೊತೆ ಇರಿ. ಇವತ್ತು ನಾನು ಮಾತಾಡುವುದು ದೊಡ್ಡ ವಿಷಯವೇನಲ್ಲ. ಮಕ್ಕಳ ಹುಟ್ಟುಹಬ್ಬದ ಬಗ್ಗೆ. ಅದನ್ನು ಮನೆಯಲ್ಲೇ ಮಾಡುವುದು ಹೇಗೆ ಅನ್ನುವುದರ ಬಗ್ಗೆ.

"ಅಯ್ಯೋ, ಮುಂಬಯಿಯ ಮನೆಯಲ್ಲಿ ಪಾರ್ಟಿಯೇ? ನಾವು ನಾಲ್ಕು ಜನ ಒಟ್ಟಿಗೆ ನಿಂತರೆ ಐದನೆಯವರು ಬಾಗಿಲ ಹೊರಗೆ!" ಅಂತ ನೀವು ನಗುತ್ತಿರಬಹುದು. ನಾನೂ ಹಾಗೇ ಹೇಳುತ್ತಿದ್ದೆ. ಅದನ್ನೇ ಹೇಳಿ ಹೇಳಿ ನಾನು ಮಾಡಿದ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದಕ್ಕೇ ಇವತ್ತು ಬಂದಿದ್ದೇನೆ.

ನಮ್ಮದು ಮುಲುಂಡಿನಲ್ಲಿ ರೈಲು ಹಳಿಯ ಪಕ್ಕದ ಕಟ್ಟಡ. ಒಂದು ರೂಮು, ಒಂದು ಹಾಲು, ಒಂದು ಅಡುಗೆಮನೆ. ಕಳೆದ ವರ್ಷ ಮಗಳಿಗೆ ಏಳು ತುಂಬಿದಾಗ ಎಲ್ಲರಂತೆ ನಾವೂ ಹೊರಗೆ ಒಂದು ಹಾಲ್ ಹಿಡಿದೆವು. 25 ಮಕ್ಕಳು, ಜಾದೂಗಾರ, ಕಿವಿ ಕಿವುಡಾಗುವಷ್ಟು ಹಾಡು, ಎರಡು ಅಂತಸ್ತಿನ ಕೇಕು. ಅವಳನ್ನು ಇಲ್ಲಿ ನಿಲ್ಲಿಸಿ ಒಂದು ಫೋಟೋ, ಅಲ್ಲಿ ಕೂರಿಸಿ ಒಂದು ಫೋಟೋ. ರಾತ್ರಿ ಮನೆಗೆ ಬಂದು ಹಾಸಿಗೆಯ ಮೇಲೆ ಬಿದ್ದವಳು ಒಂದೇ ಮಾತು ಹೇಳಿದಳು: "ಅಮ್ಮಾ, ನಾನು ಯಾರ ಜೊತೆಗೂ ಆಡಲೇ ಇಲ್ಲ."

ಹಾಗಾಗಿ ಈ ವರ್ಷ ನಾನು ಖುಷಿಯಿಂದಲೇ, "ಈ ಸಲ ಮನೆಯಲ್ಲೇ ಮಾಡೋಣ ಪುಟ್ಟಾ, ನಿನಗೆ ಬೇಕಾದವರನ್ನು ಕರಿ" ಅಂದೆ. ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಕುಣಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡಮ್ಮ, ನಮ್ಮ ಮನೆ ಬೆಂಕಿಪೊಟ್ಟಣ" ಅಂದಳು.

ಎಂಟು ವರ್ಷದ ಮಗುವಿನ ಬಾಯಲ್ಲಿ ಈ ಮಾತು ಎಲ್ಲಿಂದ ಬಂತು? ಯೋಚಿಸಿದರೆ, ಅದು ನನ್ನದೇ ಮಾತು! ಊರಿನಿಂದ ಫೋನ್ ಬಂದಾಗಲೆಲ್ಲ, "ಏನು ಹೇಳಲಿ ಅಕ್ಕಾ, ಬೆಂಕಿಪೊಟ್ಟಣದಂಥ ಮನೆ, ಹಗಲೂ ರಾತ್ರಿ ರೈಲಿನ ಸದ್ದು" ಅಂತ ನಾನೇ ಗೊಣಗುತ್ತಿದ್ದೆ. ನಾನು ಅದನ್ನು ಹೇಳಿ ಮರೆಯುತ್ತಿದ್ದೆ. ಅವಳು ಕೇಳಿಸಿಕೊಂಡು ನೆನಪಿಟ್ಟುಕೊಂಡಿದ್ದಳು. ತನ್ನ ಮನೆ ನಾಚಿಕೆಪಡಬೇಕಾದದ್ದು ಅಂತ ಮಗುವಿಗೆ ಕಲಿಸಿದವಳು ನಾನೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆದ್ದರಿಂದ ಮನೆಯಲ್ಲೇ ಮಾಡಬೇಕು ಅನ್ನುವುದು ನನಗೆ ಹಣ ಉಳಿಸುವ ಪ್ರಶ್ನೆಯಾಗಿ ಉಳಿಯಲಿಲ್ಲ. ಕಲಿಸಿದ್ದನ್ನು ಅಳಿಸಬೇಕಿತ್ತು. ಹೇಗೆ ಮಾಡಿದೆವು ಅಂತ ಒಂದೊಂದಾಗಿ ಹೇಳುತ್ತೇನೆ. ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಎಷ್ಟು ಮಕ್ಕಳು? ಮಗುವಿಗೆ ಎಷ್ಟು ವಯಸ್ಸೋ ಅಷ್ಟು ಮಕ್ಕಳು, ಬೇಕಾದರೆ ಒಬ್ಬರು ಹೆಚ್ಚು. ನಾವು ಒಂಬತ್ತು ಜನರನ್ನು ಕರೆದೆವು. ಹೆಸರುಗಳನ್ನು ಅವಳೇ ಬರೆದಳು. ಆಮಂತ್ರಣವನ್ನು ತರಗತಿಯಲ್ಲಿ ಎಲ್ಲರೆದುರು ಹಂಚಬೇಡಿ. ಸಿಗದ ಮಗುವಿನ ಮುಖವನ್ನು ಒಮ್ಮೆ ನೆನೆಸಿಕೊಳ್ಳಿ. ತಾಯಂದಿರಿಗೆ ಫೋನ್ ಮಾಡಿದರೆ ಆಯಿತು. ಫೋನಿನಲ್ಲಿ ಶುರುವಾಗುವ ಸಮಯದ ಜೊತೆ ಮುಗಿಯುವ ಸಮಯವನ್ನೂ ಹೇಳಿ. ನಾಲ್ಕೂವರೆಯಿಂದ ಆರೂವರೆ, ಎರಡು ಗಂಟೆ ಸಾಕು. ಮೂರನೇ ಗಂಟೆಗೆ ಜಗಳ ಶುರುವಾಗುತ್ತದೆ, ಇದು ಅನುಭವದ ಮಾತು!

ಅದೇ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕೇಳಲು ಮರೆಯಬೇಡಿ: "ನಿಮ್ಮ ಮಗು ಏನು ತಿನ್ನುವುದಿಲ್ಲ?" ನಮ್ಮ ಮಹಾನಗರಗಳಲ್ಲಿ ಒಂದು ಮಹಡಿಯಲ್ಲೇ ನಾಲ್ಕು ರಾಜ್ಯಗಳಿರುತ್ತವೆ. ಮಗಳ ಗೆಳತಿಯೊಬ್ಬಳು ಜೈನ ಮನೆಯವಳು, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ ಯಾವುದೂ ಆಗುವುದಿಲ್ಲ. ಇನ್ನೊಬ್ಬ ಹುಡುಗನಿಗೆ ಶೇಂಗಾ ತಿಂದರೆ ತುಟಿ ಊದಿಕೊಳ್ಳುತ್ತದೆ ಅಂತ ಅವನ ತಾಯಿ ಹೇಳಿದರು. ಕೇಳದೇ ಇದ್ದಿದ್ದರೆ ಏನಾಗುತ್ತಿತ್ತೋ!

ಯಾಕೆಂದರೆ ಕಲಬುರಗಿಯಿಂದ ನಮ್ಮಮ್ಮ ಆಗಲೇ ಬಂದಿಳಿದಿದ್ದರು, ಮೊಮ್ಮಗಳಿಗೆ ಶೇಂಗಾ ಹೋಳಿಗೆ ಮಾಡುವ ಸಡಗರದಲ್ಲಿದ್ದರು. ನಾನು ವಿಷಯ ಹೇಳಿದರೆ ಅವರಿಗೆ ನಂಬಿಕೆಯೇ ಬರಲಿಲ್ಲ. "ಶೇಂಗಾ ತಿಂದ್ರ ಏನಾಗ್ತದವ್ವಾ? ನಮ್ಮ ಕಡಿ ಮಂದಿ ಅದನ್ನೇ ತಿಂದು ಬೆಳದೀವಿ" ಅಂದರು. ಶೇಂಗಾ ಅಲರ್ಜಿ ಇರುವವರಿಗೆ ಸ್ವಲ್ಪ ಪುಡಿ ಸೋಕಿದರೂ ತೊಂದರೆಯಾಗಬಹುದು, ಕೆಲವರಿಗೆ ಉಸಿರೇ ಕಟ್ಟಿ ಜೀವಕ್ಕೆ ಅಪಾಯವಾಗಬಹುದು, ಹಾಗಾದರೆ ತಕ್ಷಣ ಆಸ್ಪತ್ರೆಗೇ ಓಡಬೇಕು ಅಂತ ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಶೇಂಗಾ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟರು. ಒರಳು, ಮಿಕ್ಸಿ ಎಲ್ಲವನ್ನೂ ಎರಡು ಸಲ ತೊಳೆದರು. ಆಮೇಲೆ ಹೂರಣದ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದರು.

ಊಟದ ಪಟ್ಟಿ ಚಿಕ್ಕದಿರಲಿ. ನಾವು ಮಾಡಿದ್ದು ಈರುಳ್ಳಿ, ಶೇಂಗಾ ಹಾಕದ ಚುರಮುರಿ ಸುಸಲಾ, ಅಂಗೈಯಗಲದ ಹೋಳಿಗೆ, ಕತ್ತರಿಸಿದ ಹಣ್ಣು, ನಿಂಬೆ ಪಾನಕ, ಮೊಟ್ಟೆಯಿಲ್ಲದ ಕೇಕು. ಮಕ್ಕಳು ಬಂದ ಮೇಲೆ ಎಣ್ಣೆ ಬಾಣಲೆ ಒಲೆಯ ಮೇಲೆ ಇರಲೇಬಾರದು. ನಾಲ್ಕು ಗಂಟೆಗೇ ಅಡುಗೆ ಮುಗಿಸಿ ಗ್ಯಾಸ್ ಬಂದ್ ಮಾಡಿ. ಐದು ವರ್ಷದೊಳಗಿನ ತಮ್ಮ ತಂಗಿಯರು ಜೊತೆಗೆ ಬರುತ್ತಾರೆ ಅಂತಾದರೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಇಡೀ ದ್ರಾಕ್ಷಿ, ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಇನ್ನು ಜಾಗ. ಗಾಜಿನ ಟೀಪಾಯಿಯನ್ನು ಎದುರು ಮನೆಗೆ ಕಳಿಸಿದೆವು. ದಿವಾನವನ್ನು ಗೋಡೆಗೆ ಸರಿಸಿ, ನೆಲಕ್ಕೆ ಅಮ್ಮನ ಎರಡು ಕೌದಿ ಹಾಸಿದೆವು. ನಂಬಿ, ಹಾಲ್ ಎರಡರಷ್ಟು ದೊಡ್ಡದಾಗಿ ಕಂಡಿತು! ಮಾತ್ರೆ, ಫಿನಾಯಿಲ್, ಚಾಕು ಎಲ್ಲ ಮೇಲಕ್ಕೆ. ಕಿಟಕಿ, ಬಾಲ್ಕನಿಯ ಹತ್ತಿರ ಹತ್ತಿ ನಿಲ್ಲುವಂಥ ಸ್ಟೂಲು, ಕುರ್ಚಿ ಇರದಂತೆ ನೋಡಿಕೊಳ್ಳಿ.

ಅಲಂಕಾರಕ್ಕೆ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗಿ ಚೀಲ ತುಂಬಿಸಿಕೊಂಡು ಬರಬೇಕಾಗಿಲ್ಲ. ಥರ್ಮೋಕೋಲ್ ಅಲಂಕಾರ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ. ನಾವು ಮಾಟುಂಗದಿಂದ ಬಾಳೆಲೆ ತಂದು ತಟ್ಟೆಯಗಲಕ್ಕೆ ಕತ್ತರಿಸಿದೆವು. ಬಣ್ಣದ ಕಾಗದದ ತೋರಣವನ್ನು ಮಗಳೇ ಕತ್ತರಿಸಿ ಅಂಟಿಸಿದಳು. ಸ್ವಲ್ಪ ಸೊಟ್ಟಗಿತ್ತು, ಇರಲಿ ಬಿಡಿ.

ಬಲೂನಿಗೆ ಪಂಪಿನ ಗಾಳಿಯೇ ಸಾಕು. ಮೇಲೆ ಹಾರುವ ಬಲೂನುಗಳಲ್ಲಿ ಕೆಲವೊಮ್ಮೆ ಹೈಡ್ರೋಜನ್ ತುಂಬಿರುತ್ತಾರೆ, ಮೇಣದ ಬತ್ತಿಯ ಹತ್ತಿರ ಬಂದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ನೊರೆ ಹಾರಿಸುವ ಸ್ನೋ ಸ್ಪ್ರೇ ಕೂಡ ಹಾಗೆಯೇ, ಕೇಕಿನ ಮೇಲೆ ಬತ್ತಿ ಉರಿಯುತ್ತಿರುವಾಗ ಅದನ್ನು ಹಾರಿಸಿದರೆ ಮುಖ ಸುಟ್ಟುಕೊಳ್ಳುತ್ತದೆ. ಒಡೆದ ಬಲೂನಿನ ಚೂರುಗಳನ್ನು ಆಗಿಂದಾಗಲೇ ಹೆಕ್ಕಿ, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ. ಅಕಸ್ಮಾತ್ ಯಾರಿಗಾದರೂ ಬೆರಳು ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ.

ಬತ್ತಿಯ ಮಾತು ಬಂತಲ್ಲ, ನಮ್ಮ ಮನೆಯಲ್ಲಿ ಒಂದು ಸಣ್ಣ ಚರ್ಚೆಯೇ ಆಯಿತು. "ಹುಟ್ಟಿದ ದಿನ ದೀಪ ಹಚ್ಚತಾರೋ, ಊದಿ ಆರಸ್ತಾರೋ?" ಅಂತ ಅಮ್ಮ. "ನನ್ನ ಫ್ರೆಂಡ್ಸ್ ಮುಂದೆ ಆರತಿ ಬೇಡ, ನಗ್ತಾರೆ" ಅಂತ ಮಗಳು. ನೋಡಿ, ಮತ್ತೆ ಅದೇ ನಾಚಿಕೆ! ನಿಮ್ಮ ಮನೆಯಲ್ಲೂ ಈ ಜಗ್ಗಾಟ ನಡೆದಿರುತ್ತದೆ. ನಾವು ಹೀಗೆ ರಾಜಿ ಮಾಡಿಕೊಂಡೆವು. ಬೆಳಿಗ್ಗೆ ಎಣ್ಣೆ ನೀರು, ದೇವರ ಮುಂದೆ ದೀಪ, ಆರತಿ, ಮನೆಯವರಷ್ಟೇ. ಸಂಜೆ ಕೇಕು. ಊದುವುದಕ್ಕೆ ಒಂದು ಚಿಕ್ಕ ಕಪ್ ಕೇಕಿನ ಮೇಲೆ ಒಂದೇ ಬತ್ತಿ, ಹಂಚುವ ಕೇಕು ಬೇರೆ. ಇದು ಮಡಿವಂತಿಕೆಯ ಮಾತಲ್ಲ. ಬತ್ತಿ ಊದಿದಾಗ ಉಗುಳಿನ ಜೊತೆ ಕೇಕಿನ ಮೇಲೆ ಬ್ಯಾಕ್ಟೀರಿಯಾ ಹಲವು ಪಟ್ಟು ಹೆಚ್ಚುತ್ತದೆ ಅಂತ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಅಮ್ಮನಿಗೆ ಇದನ್ನು ಹೇಳಿದೆ. "ಇದನ್ನ ತಿಳೀಲಿಕ್ಕೆ ಅಮೆರಿಕಾಕ್ಕ ಹೋಗಬೇಕಿತ್ತೇನು?" ಅಂದರು!

ಆಟಕ್ಕೆ ಜಾದೂಗಾರ ಬೇಡ, ಅಜ್ಜಿ ಇದ್ದರೆ ಸಾಕು. ಅಮ್ಮ ಸೀಮೆಸುಣ್ಣದಿಂದ ನೆಲದ ಮೇಲೆ 25 ಮನೆಯ ಚೌಕಾಬಾರ ಬರೆದು, ನಾಲ್ಕು ಕವಡೆ ಕೊಟ್ಟರು. ಎಲ್ಲ ಕವಡೆ ಅಂಗಾತ ಬಿದ್ದರೆ ನಾಲ್ಕು, ಎಲ್ಲ ಬೋರಲು ಬಿದ್ದರೆ ಎಂಟು. ಒಂದೊಂದು ಬದಿಗೆ ಇಬ್ಬರು ಮೂವರು ಕೂತರು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ, ಮಕ್ಕಳಿಗೆ ಕನ್ನಡ ಬರುವುದಿಲ್ಲ. ಆದರೆ ಮರಾಠಿ ಹುಡುಗಿ "ಆಜಿ" ಅಂದಳು, ಗುಜರಾತಿ ಹುಡುಗ "ಬಾ" ಅಂದ, ತಮಿಳರ ಹುಡುಗಿ "ಪಾಟಿ" ಅಂದಳು. ಅಮ್ಮ ಮೂರಕ್ಕೂ "ಹೂಂನಪಾ" ಅಂದರು. ಆಟಕ್ಕೆ ಅಷ್ಟು ಭಾಷೆ ಸಾಕಾಯಿತು.

ಈಗ ನಾನು ನಿಮಗೆ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಬಂದವರಲ್ಲಿ ದೊಡ್ಡ ಮನೆಯ ಹುಡುಗಿಯೂ ಒಬ್ಬಳಿದ್ದಳು, ತನಗೇ ಅಂತ ಬೇರೆ ರೂಮಿರುವವಳು. ನನ್ನ ಮಗಳ ಹೆದರಿಕೆಯೆಲ್ಲ ಅವಳ ಬಗ್ಗೆಯೇ. ಅವಳು ಒಳಗೆ ಬಂದವಳೇ ಸುತ್ತ ನೋಡಿದಳು. ನನ್ನ ಮಗಳು ಬಾಗಿಲ ಹತ್ತಿರ ಬಿಗಿಯಾಗಿ ನಿಂತುಬಿಟ್ಟಳು. ನಾನೂ ಅಡುಗೆಮನೆಯಿಂದ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅಷ್ಟರಲ್ಲಿ ಕಿಟಕಿಯಾಚೆ ಧಡಧಡ ಅಂತ ಒಂದು ಫಾಸ್ಟ್ ಲೋಕಲ್ ಹೋಯಿತು. ಆ ಹುಡುಗಿ ಓಡಿಹೋಗಿ ಗ್ರಿಲ್ ಹಿಡಿದುಕೊಂಡು, "ನಿನಗೆ ಮನೆಯಿಂದಲೇ ಟ್ರೇನ್ ಕಾಣುತ್ತಾ? ದಿನಾ ಕಾಣುತ್ತಾ?" ಅಂದಳು.

ಅಷ್ಟೇ. ಒಂಬತ್ತು ಮಕ್ಕಳೂ ಕಿಟಕಿಗೆ! ಮುಂದಿನದು ಫಾಸ್ಟೋ ಸ್ಲೋನೋ? 12 ಡಬ್ಬಿಯೋ 15 ಡಬ್ಬಿಯೋ? ಈ ಕಡೆಯಿಂದಲೋ ಆ ಕಡೆಯಿಂದಲೋ? ನಾನು ಬರೆದಿಟ್ಟುಕೊಂಡಿದ್ದ ಮೂರು ಆಟಗಳು ಹಾಗೇ ಉಳಿದವು. ನನ್ನ ಮಗಳು ಮಧ್ಯದಲ್ಲಿ ನಿಂತು ಗೈಡ್ ಥರ ವಿವರಿಸುತ್ತಿದ್ದಳು: "ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಇದೇ ದಾರಿಯಲ್ಲಿ ಹೋಗೋದು. ನಮ್ಮ ಅಜ್ಜಿಯ ಕಲಬುರಗಿಯಲ್ಲಿ ನಿಲ್ಲುತ್ತೆ. ಅಜ್ಜಿ ಅದರಲ್ಲೇ ಬಂದಿದ್ದು." ಯಾವ ಸದ್ದಿನ ಬಗ್ಗೆ ನಾನು ವರ್ಷಗಟ್ಟಲೆ ಗೊಣಗಿದ್ದೆನೋ, ಆ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಕೇಕಿನ ಹೊತ್ತಿಗೆ ಇನ್ನೊಂದು ಆಯಿತು. ದೇವರ ಗೂಡಿನಲ್ಲಿ ಬೆಳಗಿನ ಆರತಿ ತಟ್ಟೆ ಹಾಗೇ ಇತ್ತು. "ಇದು ಯಾಕೆ?" ಅಂತ ಯಾರೋ ಕೇಳಿದರು. ನಾನು ಉತ್ತರಿಸುವ ಮೊದಲೇ ಮಗಳು, "ಬರ್ತ್‌ಡೇ ದಿನ ಅಜ್ಜಿ ನನಗೆ ಮಾಡಿದ್ದು" ಅಂದಳು. "ನನಗೂ ಮಾಡಿ" ಅಂದಿತು ಒಂದು ಮಗು. ಕೊನೆಗೆ ಅಮ್ಮ ಸಾಲಾಗಿ ಕೂರಿಸಿ ಎಲ್ಲರಿಗೂ ಕುಂಕುಮವಿಟ್ಟು ಆರತಿ ಎತ್ತಿದರು. ಬೇಡ ಅಂದ ಒಬ್ಬ ಹುಡುಗನಿಗೆ ಅಕ್ಷತೆ ತಟ್ಟೆ ಹಿಡಿಯುವ ಕೆಲಸ ಕೊಟ್ಟರು. ಯಾರೂ ನಗಲಿಲ್ಲ.

ರಿಟರ್ನ್ ಗಿಫ್ಟ್ ಪೈಪೋಟಿ ನಿಮಗೆ ಗೊತ್ತೇ ಇದೆ. ನಾವು ತಂದ ಉಡುಗೊರೆಗಿಂತ ಕೊಡುವ ಉಡುಗೊರೆ ದುಬಾರಿಯಾಗುವ ಕಾಲ ಇದು. ಉಡುಗೊರೆ ತರಲು ಕಷ್ಟವಾಗುವ ಮನೆಯವರು ಮಗುವನ್ನು ಕಳಿಸುವುದನ್ನೇ ಬಿಡುತ್ತಾರೆ. ಅದಕ್ಕೆ ಕರೆಯುವಾಗಲೇ "ಉಡುಗೊರೆ ಬೇಡ, ಮಗುವೇ ಒಂದು ಚಿತ್ರ ಬರೆದು ತರಲಿ" ಅಂದಿದ್ದೆವು. ಹೋಗುವಾಗ ಹಳೆ ಸೀರೆಯ ತುಂಡುಗಳಿಂದ ಅಮ್ಮ ಹೊಲಿದ ಚಿಕ್ಕ ಚೀಲ, ಅದರಲ್ಲಿ ಎರಡು ಪೆನ್ಸಿಲು, ಒಂದು ಹೋಳಿಗೆ.

ಎಲ್ಲವೂ ಸರಿಯಾಗೇ ನಡೆಯಿತು ಅಂತಲ್ಲ. ಪಾನಕ ಕೌದಿಯ ಮೇಲೆ ಚೆಲ್ಲಿತು. ಇಬ್ಬರು ಕವಡೆಗಾಗಿ ಕಿತ್ತಾಡಿದರು. ಕೆಳಗಿನ ಮನೆಯವರು ಒಮ್ಮೆ ಬೆಲ್ ಮಾಡಿದರು. ಮೊದಲೇ ಹೇಳಿ ಎರಡು ಹೋಳಿಗೆ ಕಳಿಸಬೇಕಿತ್ತು, ಅದು ನನ್ನ ತಪ್ಪು. ನೀವು ಮರೆಯಬೇಡಿ.

ರಾತ್ರಿ ಅಕ್ಕ ಊರಿನಿಂದ ಫೋನ್ ಮಾಡಿದಳು. "ಹೇಗಾಯಿತು? ಅಷ್ಟು ಮಕ್ಕಳನ್ನು ಎಲ್ಲಿ ಕೂರಿಸಿದೆ?" ಅಂದಳು. ನನ್ನ ಬಾಯಿಗೆ ಹಳೆಯ ಮಾತೇ ಬರುತ್ತಿತ್ತು. ಪಕ್ಕದಲ್ಲಿ ಮಗಳು ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದಳು. ನಾನು ತಡೆದುಕೊಂಡು, "ಬೇಕಾದಷ್ಟು ಜಾಗ ಇತ್ತು ಅಕ್ಕಾ" ಅಂದೆ. ಮಗಳು ತಿರುಗಿ ನೋಡಲಿಲ್ಲ. ಆದರೆ ಕೇಳಿಸಿಕೊಂಡಳು ಅಂತ ನನಗೆ ಗೊತ್ತು.

ನಿಮ್ಮ ಮಗುವಿನ ಹುಟ್ಟುಹಬ್ಬ ಬಂದಾಗ ಒಂದು ಸಲ ಮನೆಯ ಬಾಗಿಲು ತೆರೆದು ನೋಡಿ. ಅದಕ್ಕೂ ಮೊದಲು, ಇವತ್ತಿನಿಂದಲೇ, ಫೋನಿನಲ್ಲಿ ನಿಮ್ಮ ಮನೆಯ ಬಗ್ಗೆ ಏನು ಹೇಳುತ್ತೀರಿ ಅನ್ನುವುದನ್ನು ಸ್ವಲ್ಪ ಗಮನಿಸಿ. ಪುಟ್ಟ ಕಿವಿಗಳು ಅಲ್ಲೇ ಇರುತ್ತವೆ.