ಬಳಸುವವರ ಕೈಗೂ ಸೀಮೆಸುಣ್ಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



"ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಅಂತೀಯಲ್ಲ, ಅಲ್ಲಿ ಮಾಡೋದಾದರೂ ಏನಪ್ಪಾ?" ಎಂದು ನಾನು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಅದಕ್ಕೆ ಉತ್ತರವಾಗಿ, ಬಿಡುವಿನ ವೇಳೆಯಲ್ಲಿ ನಾನು ಮಾಡಿದ ಒಂದು ಸಣ್ಣ ಸಾಧನದ ಕತೆ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕತೆಯೂ ಇದೆ.

ವಿಕಿಪೀಡಿಯ ನಿಮಗೆಲ್ಲ ಗೊತ್ತು. ಅದಕ್ಕೂ ಮುಂಚೆ, 1995ರಲ್ಲಿ, ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಮೊದಲ ವಿಕಿಯನ್ನು ಮಾಡಿದರು. ಹವಾಯಿ ಭಾಷೆಯಲ್ಲಿ 'ವಿಕಿ ವಿಕಿ' ಎಂದರೆ ಬೇಗ ಬೇಗ ಎಂದರ್ಥ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿಗಿದ್ದ ಹೆಸರು ಅದು. ವಿಕಿಯಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತಾ ಹೋಗಬಹುದು, ಬರೆದದ್ದನ್ನು ಯಾವಾಗ ಬೇಕಾದರೂ ತಿದ್ದಬಹುದು. ಒಬ್ಬರೇ ತಮಗಾಗಿ ಇಟ್ಟುಕೊಂಡರೆ ಅದು ಸ್ವಂತ ವಿಕಿ, ಅಂದರೆ ಕೊಂಡಿಗಳಿರುವ ನೋಟ್‌ಬುಕ್ಕು.

ಅಂಥದೊಂದನ್ನು ನಾನು ಮಾಡಿದೆ. ಅದರ ಮೊದಲ ಬಳಕೆದಾರರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ನಮ್ಮ ಕನ್ನಡ ಮೇಷ್ಟ್ರು. ನಿವೃತ್ತರಾದ ಮೇಲೆ ಅವರು ಊರಿನ ಮಾತುಗಳನ್ನು ಕೂಡಿಡಲು ಹೊರಟಿದ್ದರು. ಹೊಲಗಳ ಹೆಸರು, ಬಾವಿಗಳ ಹೆಸರು, ಕಸುಬಿನ ಮಾತು, ಅದನ್ನು ಹೇಳಿದವರು ಯಾರು, ಹೀಗೆ ಒಂದೊಂದು ಮಾತಿಗೆ ಒಂದೊಂದು ಪುಟ.

ಇಂಥ ಸಾಧನದಲ್ಲಿ ಕೆಲಸಗಳು ಹೆಚ್ಚಾದಂತೆ ಗುಂಡಿಗಳೂ ಹೆಚ್ಚುತ್ತವೆ. ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಸಾಸಿವೆ ಹುಡುಕಿಕೊಂಡು ಸಾಲು ಸಾಲು ಸುತ್ತುವ ಹಾಗೆ. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಆ ತೊಂದರೆಯಿಲ್ಲ. ಹೆಸರು ಹೇಳಿದರೆ ಸಾಕು, ಒಳಗಿಂದ ತಂದುಕೊಡುತ್ತಾರೆ. ಕಂಪ್ಯೂಟರಿನಲ್ಲಿ ಈ ಅಂಗಡಿಯವರ ಕೆಲಸ ಮಾಡುವುದೇ 'ಕಮಾಂಡ್ ಪ್ಯಾಲೆಟ್'. ಎರಡು ಕೀಲಿ ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಬೇಕಾದ ಕೆಲಸದ ಹೆಸರನ್ನು ಅರ್ಧ ಬರೆದರೂ ಅದು ಗುರುತಿಸಿ ಮುಂದಿಡುತ್ತದೆ. ಹೆಸರು ಹೇಳಿ ಕೆಲಸ ಮಾಡಿಸುವ ಪದ್ಧತಿ ಹಳೆಯದು, 1970ರ ದಶಕದ ಈಮ್ಯಾಕ್ಸ್‌ನಲ್ಲೇ ಇತ್ತು. ಇವತ್ತು ಪ್ರೋಗ್ರಾಮರುಗಳು ಬಳಸುವ ವಿಎಸ್ ಕೋಡ್‌ನಲ್ಲೂ ಇದೆ.

ಕನ್ನಡದಲ್ಲಿ ಇದನ್ನು ಮಾಡಲು ಹೋದಾಗ ನಾನು ಮತ್ತೆ ಕಾಗುಣಿತ ಕಲಿಯಬೇಕಾಯಿತು. ಯುನಿಕೋಡ್‌ನಲ್ಲಿ 'ಹೊ' ಎಂದರೆ 'ಹ' ಮತ್ತು ಒತ್ವದ ಚಿಹ್ನೆ, ಎರಡು ಬೇರೆ ಬೇರೆ ಸಂಕೇತಗಳು. ಇದರಿಂದ ಒಂದು ಅನುಕೂಲವಾಯಿತು. ಮೇಷ್ಟ್ರು ಬರೀ 'ಹಮ' ಎಂದು ಬರೆದರೂ 'ಹೊಸ ಮಾತು' ಸಿಗುವಂತೆ ಮಾಡಬಹುದಾಯಿತು. ಒಂದು ತೊಡಕೂ ಇತ್ತು. ಆ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ತುಂಡುಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು. 'ಅಳಿಸು' ಎಂದರೂ 'ತೆಗೆದುಹಾಕು' ಎಂದರೂ ಒಂದೇ ಕೆಲಸವಾಗಲೆಂದು ಒಂದು ಆಜ್ಞೆಗೆ ಹಲವು ಹೆಸರು ಕೊಡುವ ಸೌಲಭ್ಯವನ್ನೂ ಇಟ್ಟೆ.

ಅಷ್ಟಾದರೂ ಮೇಷ್ಟ್ರ ಫೋನು ನಿಲ್ಲಲಿಲ್ಲ. "ಹೇಳಿದವರ ಊರು ಬರೆಯೋಕೆ ಜಾಗ ಬೇಕಿತ್ತು." "ಒಬ್ಬರು ಹೇಳಿದ ಮಾತೆಲ್ಲ ಒಟ್ಟಿಗೆ ಕಾಣಬೇಕಿತ್ತು." ಪ್ರತಿ ಸಲವೂ ನಾನು ಒಂದು ಆಜ್ಞೆ ಸೇರಿಸಿ ಕಳಿಸುತ್ತಿದ್ದೆ. ಒಂದು ದಿನ ಅವರು, "ಲೇ, ಪ್ರತಿಯೊಂದಕ್ಕೂ ನಿನ್ನೇ ಕೇಳಬೇಕೇನೋ? ನನ್ನ ಕೈಗೂ ಒಂದು ಸೀಮೆಸುಣ್ಣ ಕೊಡು" ಎಂದರು.

ಆ ಮಾತಿನಿಂದ ಇಡೀ ವಿನ್ಯಾಸ ಬದಲಾಯಿತು. ಆಜ್ಞೆಗಳ ಪಟ್ಟಿಯನ್ನು ಪ್ರೋಗ್ರಾಮಿನ ಒಳಗೆ ಬೀಗ ಹಾಕಿಡುವುದನ್ನು ಬಿಟ್ಟೆ. ಪ್ರತಿ ಆಜ್ಞೆಯೂ ವಿಕಿಯ ಒಂದು ಪುಟವೇ ಆಯಿತು. ಅದರಲ್ಲಿ ನಾಲ್ಕು ಸಂಗತಿ ಬರೆದರೆ ಸಾಕು: ಆಜ್ಞೆಯ ಹೆಸರು, ಅದರ ಅಡ್ಡಹೆಸರುಗಳು, ಯಾವ ಬಗೆಯ ಪುಟದಲ್ಲಿ ಅದು ಕಾಣಿಸಬೇಕು, ಏನೇನು ಮಾಡಬೇಕು. ನಾನು ಬರೆದ ಆಜ್ಞೆಗಳೂ ಇದೇ ರೀತಿ ಬರಬೇಕು. ಮಾಡಿದವನಿಗೊಂದು ಬಾಗಿಲು, ಬಳಸುವವರಿಗೊಂದು ಬಾಗಿಲು ಇರಬಾರದು. ವಾರದೊಳಗೆ ಮೇಷ್ಟ್ರು 'ಹೊಸ ಮಾತು' ಎಂಬ ತಮ್ಮ ಮೊದಲ ಆಜ್ಞೆ ಬರೆದರು. ಹೆಸರು ಕೊಟ್ಟರೆ, ಶೀರ್ಷಿಕೆಗಳೆಲ್ಲ ಇರುವ ಖಾಲಿ ಪುಟವೊಂದು ಸಿದ್ಧವಾಗುತ್ತಿತ್ತು.

ತಪ್ಪು ನಡೆದದ್ದು ಇಲ್ಲೇ. ನಮ್ಮೂರ ಕುಂಬಾರಗೇರಿಯ ಅಜ್ಜಿಯೊಬ್ಬರು ಮಣ್ಣಿನ 'ಹದ'ದ ಬಗ್ಗೆ ಹೇಳಿದ್ದು ಒಂದು ಪುಟದಲ್ಲಿತ್ತು. ಕೆಲವು ತಿಂಗಳ ನಂತರ ರೈತರೊಬ್ಬರು ಉಳುಮೆಯ 'ಹದ' ಹೇಳಿದರು. ಮೇಷ್ಟ್ರು 'ಹೊಸ ಮಾತು' ಎಂದು ಕೊಟ್ಟು 'ಹದ' ಎಂದು ಬರೆದರು. ಅದೇ ಹೆಸರಿನ ಪುಟ ಮೊದಲೇ ಇದೆಯೇ ಎಂದು ನನ್ನ ಸಾಧನ ನೋಡಲಿಲ್ಲ, ಕೇಳಲೂ ಇಲ್ಲ. ಹಳೆಯ ಪುಟದ ಮೇಲೆ ಖಾಲಿ ಪುಟ ಕೂತಿತು. ಗೊತ್ತಾಗುವ ಹೊತ್ತಿಗೆ ಇಂಥ ಹನ್ನೊಂದು ಪುಟ ಹೋಗಿದ್ದವು. ಒಂಬತ್ತನ್ನು ಮೇಷ್ಟ್ರು ತಮ್ಮ ಕೈಬರಹದ ಪುಸ್ತಕ ನೋಡಿ ಮತ್ತೆ ಬರೆದರು. ಎರಡು ಪುಸ್ತಕದಲ್ಲಿ ಇರಲಿಲ್ಲ. ಎರಡೂ ಆ ಅಜ್ಜಿಯವೇ. ಕೇಳಿ ಬರೆದುಕೊಳ್ಳೋಣವೆಂದರೆ ಅಜ್ಜಿ ತೀರಿಕೊಂಡಿದ್ದರು.

ಮೇಷ್ಟ್ರು "ನಾನೇ ನೋಡ್ಕೋಬೇಕಿತ್ತು ಬಿಡೋ" ಎಂದರು. ಇಲ್ಲ ಸಾರ್, ತಪ್ಪು ನನ್ನದು. ಸೀಮೆಸುಣ್ಣ ಕೊಟ್ಟವನು ಹಲಗೆಯ ಮೇಲೆ ಮೊದಲೇ ಬರೆದಿದ್ದನ್ನು ಕಾಪಾಡುವ ಏರ್ಪಾಡನ್ನೂ ಮಾಡಬೇಕಿತ್ತು.

ಈಗ ಆ ಸಾಧನದಲ್ಲಿ ಮೂರು ನಿಯಮಗಳಿವೆ. ಯಾರೇ ಬರೆದ ಆಜ್ಞೆಯಾಗಲಿ, ಇರುವ ಪುಟವನ್ನು ಬದಲಿಸುವ ಮೊದಲು ಏನಾಗುತ್ತದೆಂದು ತೋರಿಸಿ ಕೇಳಬೇಕು. ಹಳೆಯ ಪ್ರತಿ ಅಳಿಯದೆ ಉಳಿಯಬೇಕು. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರಬೇಕು. ಈ ನಿಯಮಗಳು ಆಜ್ಞೆಯ ಪುಟದಲ್ಲಿಲ್ಲ, ಸಾಧನದ ಬುಡದಲ್ಲೇ ಇವೆ. ಆಜ್ಞೆ ಬರೆಯುವವರು ಮರೆತರೂ ಅವು ಮರೆಯುವುದಿಲ್ಲ.

ಮಕ್ಕಳೇ, ನಾಳೆ ನೀವೂ ಏನಾದರೂ ಮಾಡುತ್ತೀರಿ, ಕಂಪ್ಯೂಟರಿನದೇ ಆಗಬೇಕೆಂದಿಲ್ಲ. ಬಳಸುವವರಿಗೆ ಏನು ಬೇಕೆಂದು ಪೂರ್ತಿ ಗೊತ್ತಿದೆ ಎಂದುಕೊಳ್ಳಬೇಡಿ. ಅವರು ತಾವೇ ಸೇರಿಸಿಕೊಳ್ಳಲು ಜಾಗ ಬಿಡಿ. ಅವರು ಎಡವಿದರೂ ಇರುವುದು ಕಳೆದುಹೋಗದ ಹಾಗೆ ನೋಡಿಕೊಳ್ಳಿ. ಎರಡನೆಯದನ್ನು ನಾನು ತಡವಾಗಿ ಕಲಿತೆ.

ಹಿರಿಯರಲ್ಲಿ ಒಂದು ಕೋರಿಕೆ. ಆ ಎರಡು ಪುಟಗಳಲ್ಲಿದ್ದದ್ದು ಆವಿಗೆಗೆ ಸಂಬಂಧಿಸಿದ ಮಾತುಗಳು ಎಂಬಷ್ಟೇ ಮೇಷ್ಟ್ರಿಗೆ ನೆನಪಿದೆ. ಕುಂಬಾರಗೇರಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಊಟದ ಹೊತ್ತಿಗೆ ದಯವಿಟ್ಟು ಹೇಳಿ. ಮೇಷ್ಟ್ರು ಪುಸ್ತಕ ತಂದಿದ್ದಾರೆ, ನಾನು ಲ್ಯಾಪ್‌ಟಾಪ್ ತಂದಿದ್ದೇನೆ. ಈ ಸಲ ಎರಡರಲ್ಲೂ ಬರೆದುಕೊಳ್ಳುತ್ತೇವೆ.