ಕೋಲು ಯಾರ ಕೈಯಲ್ಲಿದೆ?

 

ನಮ್ಮ ಬಾತಿಯ ಮಕ್ಕಳಿಗೆ ಇಂಗ್ಲಿಷ್ ಭಾಷೆಯ ಭಯ ಏಕೆ, ಅದನ್ನು ಹೇಗೆ ಕಳೆಯುವುದು ಎಂಬ ವಿಷಯವಾಗಿ ನಾಲ್ಕು ಮಾತು ಆಡಲು ಸಂಘದವರು ತಿಳಿಸಿದ್ದಾರೆ. ನಾನು ಇಂಗ್ಲಿಷ್ ಶಿಕ್ಷಕನಲ್ಲ. ಉರ್ದು ಮತ್ತು ಕನ್ನಡ ಕಲಿಸುವವನು. ಆದರೂ ಒಪ್ಪಿಕೊಂಡೆ. ಏಕೆಂದರೆ ಈ ಭಯಕ್ಕೆ ಮದ್ದು ಇಂಗ್ಲಿಷ್ ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಮ್ಮ ಮನೆಯ ಮಾತಿನಲ್ಲೇ ಇದೆ ಎಂದು ನನ್ನ ನಂಬಿಕೆ. ಅದನ್ನು ತೋರಿಸಲು ದೊಡ್ಡ ದೊಡ್ಡ ಪದಗಳನ್ನು ತೆಗೆದುಕೊಳ್ಳುವುದಿಲ್ಲ. ಒಂದು ಸಣ್ಣ ಕೋಲನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ನಮ್ಮ ಮಕ್ಕಳು ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಮಾಡುತ್ತಾರೆ. ಸ್ಟಿಕ್ ಅಂದರೆ ಕೋಲು. ರಾಡ್ ಅಂದರೆ ಕೋಲು. ಸ್ಟಾಫ್ ಅಂದರೆ ಕೋಲು. ಪೋಲ್ ಅಂದರೆ ಉದ್ದನೆಯ ಕೋಲು. ಕೇನ್ ಅಂದರೆ ಬೆತ್ತ. ಪಟ್ಟಿ ಬಾಯಿಪಾಠವಾಗುತ್ತದೆ. ಮರುದಿನ ಶಾಲೆಯಲ್ಲಿ ‘ಸ್ಟಾಫ್ ರೂಮ್’ ಎಂಬ ಬೋರ್ಡು ಕಾಣುತ್ತದೆ. ಕೋಲು ಇಡುವ ಕೋಣೆಯೇ? ಗೋಡೆಯ ಮೇಲೆ ‘ಸ್ಟಿಕ್ ನೋ ಬಿಲ್ಸ್’ ಎಂದು ಬರೆದಿರುತ್ತದೆ. ಕೋಲಿಗೂ ಬಿಲ್ಲಿಗೂ ಏನು ಸಂಬಂಧ? ಕೋರ್ಟಿನ ಆವರಣದಲ್ಲಿ ‘ಬಾರ್ ಅಸೋಸಿಯೇಷನ್’ ಎಂಬ ಫಲಕ ನೋಡಿ ಹುಡುಗರು ಮುಸಿಮುಸಿ ನಗುತ್ತಾರೆ. ಹೀಗೆ ನಾಲ್ಕು ಸಲ ಆದ ಮೇಲೆ ಮಗು ಒಂದು ತೀರ್ಮಾನಕ್ಕೆ ಬರುತ್ತದೆ: ಈ ಭಾಷೆ ನನಗೆ ಹತ್ತುವುದಿಲ್ಲ, ನನ್ನ ತಲೆಯೇ ದಡ್ಡ.

ಆ ತೀರ್ಮಾನದ ಬೆಲೆ ದೊಡ್ಡದು. ಹತ್ತನೇ ತರಗತಿಯವರೆಗೆ ಉರ್ದುವಿನಲ್ಲೋ ಕನ್ನಡದಲ್ಲೋ ಓದಿದ ಮಗು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಎಲ್ಲವೂ ಇಂಗ್ಲಿಷ್ ಆಗುತ್ತದೆ. ಲೆಕ್ಕದಲ್ಲಿ ಜಾಣೆಯಾದ ಹುಡುಗಿ ವಿಜ್ಞಾನ ಬೇಡ ಎನ್ನುವುದು ಈ ಹೊಸ್ತಿಲಲ್ಲೇ. ಮಕ್ಕಳೇ, ತಪ್ಪು ನಿಮ್ಮ ತಲೆಯದಲ್ಲ. ತಪ್ಪು ಆ ಪಟ್ಟಿಯದು. ಒಂದು ಪದಕ್ಕೆ ಒಂದೇ ಅರ್ಥ ಎಂದು ಅದು ನಿಮಗೆ ಹೇಳಿಕೊಟ್ಟಿದೆ. ಲೋಕದ ಯಾವ ಭಾಷೆಯೂ ಹಾಗಿಲ್ಲ.

ಮೊದಲು ಕನ್ನಡವನ್ನೇ ನೋಡಿ. ‘ಕಡ್ಡಿ’ ಎಂಬ ಪದ. ಬೆಂಕಿಕಡ್ಡಿ, ಊದಿನಕಡ್ಡಿ, ಬಳಪದ ಕಡ್ಡಿ. ತೆಳ್ಳಗಿರುವವನು ಕಡ್ಡಿ ಪೈಲ್ವಾನ. ಜಗಳ ಹಚ್ಚುವವನು ಕಡ್ಡಿ ಆಡಿಸುತ್ತಾನೆ. ಖಡಾಖಂಡಿತವಾಗಿ ಹೇಳುವವನು ಕಡ್ಡಿ ಮುರಿದಂತೆ ಹೇಳುತ್ತಾನೆ. ಸಣ್ಣದನ್ನು ದೊಡ್ಡದು ಮಾಡುವವನು ಕಡ್ಡಿಯನ್ನು ಗುಡ್ಡ ಮಾಡುತ್ತಾನೆ. ಇವನ್ನೆಲ್ಲ ನಿಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಆದರೂ ಎಂದಾದರೂ ತಬ್ಬಿಬ್ಬಾದಿರಾ?

ಮನೆಯ ಮಾತಿಗೆ ಬನ್ನಿ. ಲಾಠಿ ಎಂದರೆ ಪೊಲೀಸರ ಕೈಯ ಕೋಲು. ಆದರೆ ಒಬ್ಬ ಮಗನನ್ನು ‘ಬುಢಾಪೇ ಕಿ ಲಾಠಿ’ ಎಂದರೆ ಮುಪ್ಪಿನ ಆಸರೆ. ‘ಜಿಸ್ ಕಿ ಲಾಠಿ ಉಸ್ ಕಿ ಭೈಂಸ್’ ಎಂದಾಗ ಅದೇ ಲಾಠಿ ಬಲಾತ್ಕಾರ. ಪದ ಒಂದೇ, ಅರ್ಥ ಮೂರು. ಏಕೆ ಬದಲಾಯಿತು? ಕೋಲು ಹಿಡಿದ ಕೈ ಬದಲಾಯಿತು. ಪೊಲೀಸರ ಕೈಯಲ್ಲಿ ಒಂದು, ಮುದುಕರ ಕೈಯಲ್ಲಿ ಒಂದು, ಬಲಿಷ್ಠನ ಕೈಯಲ್ಲಿ ಇನ್ನೊಂದು. ನಾನು ಈ ಹೊತ್ತು ಹೇಳಬೇಕಾದ ಮಾತು ಇಷ್ಟೇ. ಒಂದು ಪದದ ಅರ್ಥವೇನು ಎಂದು ಕೇಳುವ ಮೊದಲು, ಅದು ಯಾರ ಕೈಯಲ್ಲಿದೆ ಎಂದು ಕೇಳಿ.

ಈ ಪ್ರಶ್ನೆಯನ್ನು ಹಿಡಿದುಕೊಂಡು ಹರಿಹರಕ್ಕೆ ಹೋಗೋಣ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ಸೇನಾಪತಿ ಪೋಲಾಳ್ವ ದಂಡನಾಥ. ದಂಡನಾಥ ಎಂದರೆ ದಂಡಿನ ಒಡೆಯ. ದಂಡ ಎಂದರೆ ಸಂಸ್ಕೃತದಲ್ಲಿ ಮೊದಲ ಅರ್ಥ ಕೋಲು. ಆ ಕೋಲು ಸೇನಾಪತಿಯ ಕೈಗೆ ಬಂದಾಗ ದಂಡು, ಅಂದರೆ ಸೈನ್ಯವಾಯಿತು. ನ್ಯಾಯ ಹೇಳುವವನ ಕೈಗೆ ಬಂದಾಗ ಶಿಕ್ಷೆಯಾಯಿತು, ಜುಲ್ಮಾನೆಯಾಯಿತು. ತಹಶೀಲ್ದಾರರ ಕಚೇರಿಯ ಫಲಕದಲ್ಲಿ ‘ತಾಲ್ಲೂಕು ದಂಡಾಧಿಕಾರಿ’ ಎಂಬ ಮಾತು ಇವತ್ತಿಗೂ ಇದೆ. 1860ರ ಭಾರತ ದಂಡ ಸಂಹಿತೆಯ ಹೆಸರಿನಲ್ಲೂ ಇದೇ ಕೋಲು ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮಕ್ಕಳ ಕೈಗೆ ಬಂದ ದಂಡ ಚಿನ್ನಿದಾಂಡು ಆಯಿತು. ಪತ್ರಿಕೆಯ ಕ್ರೀಡಾ ಪುಟದಲ್ಲಿ ಬ್ಯಾಟ್ ಹಿಡಿದವನು ದಾಂಡಿಗನಾದ.

ಈಗ ‘ಸ್ಟಾಫ್’ ಪದಕ್ಕೆ ಬನ್ನಿ. ಅದು ಮೂಲದಲ್ಲಿ ಊರುಗೋಲು, ಕೈಗೋಲು. ಸೇನಾಪತಿಗೆ ಅಧಿಕಾರದ ಗುರುತಾಗಿ ಒಂದು ಕೋಲು ಇರುತ್ತಿತ್ತು. ಅವನ ಕೈಕೆಳಗಿನ ಅಧಿಕಾರಿಗಳ ಗುಂಪಿಗೆ ಆ ಕೋಲಿನ ಹೆಸರೇ ಬಂತು. ಸೈನ್ಯದಿಂದ ಕಚೇರಿಗೆ, ಕಚೇರಿಯಿಂದ ಶಾಲೆಗೆ ಬಂದು ಈಗ ನಾವೆಲ್ಲ ‘ಸ್ಟಾಫ್’ ಆಗಿದ್ದೇವೆ. ನಮ್ಮ ದಂಡ ದಂಡು ಆದ ದಾರಿ, ಅವರ ಸ್ಟಾಫ್ ಸಿಬ್ಬಂದಿಯಾದ ದಾರಿ ಒಂದೇ. ಹರಿಹರದ ದಂಡನಾಥನನ್ನು ಬಲ್ಲ ಮಗುವಿಗೆ ಸ್ಟಾಫ್ ರೂಮ್ ಏಕೆ ಕಷ್ಟವಾಗಬೇಕು?

ಮುಂದಿನ ಕೋಲು ರೈತನದು. ಹಳೆಯ ಕಾಲದಲ್ಲಿ ಹೊಲ ಅಳೆಯುತ್ತಿದ್ದುದು ಕೋಲಿನಿಂದ. ಅದಕ್ಕೆ ಶಾಸನಗಳಲ್ಲಿ ‘ಗಳೆ’ ಎಂಬ ಹೆಸರಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬವಿದೆ. ಆ ಕಡೆಯ ಶಾಸನಗಳಲ್ಲಿ ದತ್ತಿ ಭೂಮಿಯನ್ನು ‘ಭೇರುಂಡ ಗಳೆ’ಯಿಂದ ಅಳೆದ ಮಾತು ಬರುತ್ತದೆ. ಇಂಗ್ಲೆಂಡಿನ ರೈತನೂ ಹಾಗೆಯೇ ಮಾಡಿದ. ಅಲ್ಲಿ ರಾಡ್, ಪೋಲ್, ಪರ್ಚ್ ಎಂಬ ಮೂರೂ ಕೋಲಿನ ಹೆಸರುಗಳು. ಮೂರೂ ಹದಿನಾರೂವರೆ ಅಡಿ ಉದ್ದದ ಒಂದೇ ಅಳತೆಯ ಹೆಸರುಗಳಾದವು.

ಇದು ದೂರದ ಸಂಗತಿ ಎಂದುಕೊಳ್ಳಬೇಡಿ. ನಿಮ್ಮ ತಂದೆಯವರ ಪಹಣಿಯಲ್ಲಿ ಎಕರೆ, ಗುಂಟೆ ಎಂದಿರುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. ಮೂವತ್ತಮೂರರಲ್ಲಿ ಅರ್ಧ ಹದಿನಾರೂವರೆ. ಹಾಗಾದರೆ ಒಂದು ಗುಂಟೆ ಎಂದರೆ ಎರಡು ರಾಡ್ ಉದ್ದ, ಎರಡು ರಾಡ್ ಅಗಲ, ಒಟ್ಟು ನಾಲ್ಕು ಚದರ ರಾಡ್. ಒಂದು ಎಕರೆಗೆ 160 ಚದರ ರಾಡ್. ನಾಲ್ಕರಿಂದ ಭಾಗಿಸಿ, 40 ಗುಂಟೆ ಬರುತ್ತದೆ. 1620ರಲ್ಲಿ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ ನಾಲ್ಕು ರಾಡ್ ಉದ್ದದ, ಅಂದರೆ 66 ಅಡಿಯ ಸರಪಳಿ ಮಾಡಿದ. ನಮ್ಮ ಮೋಜಣಿದಾರರು ಹಿಡಿದದ್ದು ಅದರ ಅರ್ಧ, 33 ಅಡಿಯ ಸರಪಳಿ. ಅದರಲ್ಲಿ 16 ಆಣೆ. ಬಾತಿಯ ಗದ್ದೆಯಲ್ಲಿ ನಿಂತ ಮಗು ಇಂಗ್ಲೆಂಡಿನ ರಾಡಿನ ಲೆಕ್ಕದ ಮೇಲೇ ನಿಂತಿದೆ. ರಾಡ್ ಎಂದರೆ ಕೋಲು ಎಂಬ ಒಂದು ಸಾಲಿನ ಪಟ್ಟಿ ಇದನ್ನು ಹೇಳುವುದಿಲ್ಲ.

ಮೂರನೆಯದು ಜೊಂಡಿನ ಕೋಲು. ಹಳೆಯ ಗ್ರೀಕ್ ಭಾಷೆಯಲ್ಲಿ ಜೊಂಡಿಗೆ ‘ಕಾನ್ನ’ ಎಂಬ ಹೆಸರು. ಅದು ಅರಬ್ಬಿಗೆ ನೆಂಟನಾದ ಪಶ್ಚಿಮ ಏಷ್ಯಾದ ಭಾಷೆಗಳಿಂದ ಅಲ್ಲಿಗೆ ಹೋದ ಪದ. ಇಂಗ್ಲಿಷಿನ ಕೇನ್ ಅಲ್ಲಿಂದ ಬಂತು. ಕಬ್ಬಿಗೆ ಶುಗರ್ ಕೇನ್ ಎನ್ನುವುದು ಅದಕ್ಕೇ. ಜೊಂಡು ಒಳಗೆ ಟೊಳ್ಳು, ಕೊಳವೆಯಂತೆ. ಆದ್ದರಿಂದ ನೀರು ಹರಿಯುವ ಕೆನಾಲ್ ಅದೇ ಮೂಲದಿಂದ ಬಂತು, ಚಾನೆಲ್ ಬಂತು, ಗುಂಡು ಹಾರಿಸುವ ಕ್ಯಾನನ್ ಕೂಡ ಬಂತು. ಜೊಂಡು ಹೊರಗೆ ನೇರ. ಆದ್ದರಿಂದ ಗ್ರೀಕರು ನೇರವಾದ ಅಳತೆಗೋಲಿಗೆ ‘ಕಾನೋನ್’ ಎಂದರು. ಅಳತೆಗೋಲು ನಿಯಮವಾಯಿತು. ಅದು ಅರಬ್ಬಿಗೆ ಬಂದು ‘ಖಾನೂನ್’ ಆಯಿತು, ಉರ್ದುವಿಗೆ ಬಂತು, ಕನ್ನಡದ ‘ಕಾನೂನು’ ಆಯಿತು. ಸಂಸ್ಕೃತದಿಂದ ಬಂದ ‘ಮಾನದಂಡ’ ಕೂಡ ಇದೇ ಅಳೆಯುವ ಕೋಲು. ಎರಡು ದಿಕ್ಕಿನಿಂದ ಬಂದು ಎರಡೂ ಕನ್ನಡದಲ್ಲಿ ಜೊತೆಯಾಗಿ ಬಾಳುತ್ತಿವೆ.

ಜೊಂಡಿಗೆ ಗ್ರೀಕಿನಲ್ಲಿ ಇನ್ನೊಂದು ಹೆಸರು ‘ಕಲಮೋಸ್’. ಅರಬ್ಬಿಯ ‘ಕಲಮ್’ ಅದರಿಂದ. ಜೊಂಡನ್ನು ಕೊಯ್ದು ಮೊನೆ ಮಾಡಿದರೆ ಲೇಖನಿ. ಉರ್ದುವಿನಲ್ಲಿ ಕಲಮ್ ಎಂದರೆ ಲೇಖನಿಯೂ ಹೌದು, ನೆಡಲು ಕತ್ತರಿಸಿದ ಗಿಡದ ಕೊಂಬೆಯೂ ಹೌದು, ಕಿವಿಯ ಪಕ್ಕದ ಕೂದಲೂ ಹೌದು. ಕನ್ನಡದ ಪೊಲೀಸ್ ವರದಿಯಲ್ಲಿ ‘ಕಲಂ’ ಎಂದರೆ ಕಾಯ್ದೆಯ ಒಂದು ವಿಭಾಗ.

ನಾಲ್ಕನೆಯದು ವಿಜ್ಞಾನದ ಕೋಲು. ಪಿಯುಸಿಗೆ ಹೋಗುವವರು ಇದನ್ನು ಗಮನಿಸಿ. ಬ್ಯಾಕ್ಟೀರಿಯ ಎಂಬ ಹೆಸರು ಗ್ರೀಕಿನ ‘ಪುಟ್ಟ ಕೋಲು’ ಎಂಬ ಪದದಿಂದ ಬಂದದ್ದು. ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡ ಕೆಲವು ಕೋಲಿನಂತೆ ಇದ್ದವು. ಲ್ಯಾಟಿನ್ನಿನ ಬ್ಯಾಸಿಲಸ್ ಪದಕ್ಕೂ ಅದೇ ಅರ್ಥ. ರಾಬರ್ಟ್ ಕಾಕ್ 1882ರಲ್ಲಿ ಕಂಡುಹಿಡಿದ ಕ್ಷಯದ ರೋಗಾಣುವೂ ಕೋಲಿನ ಆಕಾರದ್ದೇ. ನಿಮ್ಮ ಕಣ್ಣಿನ ಒಳಪರದೆಯಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಶಗಳಿಗೆ ರಾಡ್ಸ್ ಎನ್ನುತ್ತಾರೆ. ಒಂದೊಂದು ಕಣ್ಣಿನಲ್ಲಿ ಸುಮಾರು ಹನ್ನೆರಡು ಕೋಟಿ ಇವೆ. ಪಾಠ ಅಪರಿಚಿತ, ಆದರೆ ಪದ ನಿಮ್ಮ ಹಳೆಯ ಕೋಲೇ.

ಇನ್ನು ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬಾರ್ ಎಂದರೆ ಅಡ್ಡಪಟ್ಟಿ, ಅಡ್ಡಗೋಲು. ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದಿನ ಅಡ್ಡಪಟ್ಟಿಯ ಬಳಿ ನಿಂತು ವಾದಿಸುವವರು ವಕೀಲರು. ಅವರ ಸಂಘ ಬಾರ್ ಅಸೋಸಿಯೇಷನ್. ಅಂಗಡಿಯ ಅಡ್ಡಪಟ್ಟಿಯ ಮೇಲೆ ಮದ್ಯ ಮಾರಿದರೆ ಅದು ಬೇರೆ ಬಾರ್. ಸ್ವಿಚ್ ಎಂದರೆ ಮೊದಲು ಬಳುಕುವ ಬರಲು, ಕುದುರೆ ಹೊಡೆಯುವ ಸಣ್ಣ ಕೋಲು. ಆಮೇಲೆ ರೈಲು ಹಳಿ ತಿರುಗಿಸುವ ಸಾಧನ, ಆಮೇಲೆ ದೀಪದ ಗುಂಡಿ. ಸ್ಟಿಕ್ ಕ್ರಿಯಾಪದವಾದರೆ ಚುಚ್ಚು, ನಾಟು, ಅಂಟು. ಬಿಲ್ ಎಂದರೆ ಅಲ್ಲಿ ಭಿತ್ತಿಪತ್ರ. ‘ಭಿತ್ತಿಪತ್ರ ಅಂಟಿಸಬೇಡಿ’ ಎಂದಷ್ಟೇ ಆ ಗೋಡೆ ಹೇಳುತ್ತಿದೆ.

ಒಂದು ಎಚ್ಚರಿಕೆಯ ಮಾತು. ಒಂದೇ ಥರ ಕಾಣುವ ಪದಗಳೆಲ್ಲ ಒಂದೇ ಮನೆಯವಲ್ಲ. ವಿದ್ಯುತ್ ಕಂಬದ ಪೋಲ್ ಬೇರೆ, ಉತ್ತರ ಧ್ರುವದ ಪೋಲ್ ಬೇರೆ. ಮೊದಲನೆಯದು ಲ್ಯಾಟಿನ್ನಿನ ಗೂಟದಿಂದ, ಎರಡನೆಯದು ಗ್ರೀಕಿನ ಅಕ್ಷದಿಂದ ಬಂದದ್ದು. ಕನ್ನಡದಲ್ಲಿ ಅರಸು ಎಂದರೆ ರಾಜ, ಅರಸು ಎಂದರೆ ಹುಡುಕು ಎಂಬಂತೆ. ಆದ್ದರಿಂದ ಊಹೆ ಮಾಡಿ, ಆದರೆ ಊಹಿಸಿದ್ದನ್ನು ನಿಘಂಟಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ವಿದ್ಯಾರ್ಥಿಗಳೇ, ಇವತ್ತಿನಿಂದ ಮೂರು ಕೆಲಸ ಮಾಡಿ. ಒಂದು, ಪದವನ್ನು ಒಂಟಿಯಾಗಿ ಬರೆಯಬೇಡಿ, ಅದರ ಜೊತೆಗಾರನೊಂದಿಗೆ ಬರೆಯಿರಿ. ರಾಡ್ ಎಂದಲ್ಲ, ಮೀನು ಹಿಡಿಯುವ ಫಿಶಿಂಗ್ ರಾಡ್, ಕಟ್ಟಡದ ಐರನ್ ರಾಡ್ ಎಂದು ಬರೆಯಿರಿ. ಎರಡು, ಗೊತ್ತಿದ್ದ ಅರ್ಥ ವಾಕ್ಯಕ್ಕೆ ಹೊಂದದಿದ್ದರೆ ಪುಸ್ತಕ ಮುಚ್ಚಬೇಡಿ. ಇದು ಯಾರ ಕೈಯಲ್ಲಿದೆ, ಏನು ಕೆಲಸ ಮಾಡುತ್ತಿದೆ ಎಂದು ಕೇಳಿ. ಮೂರು, ಅಂಥದೇ ಪದ ಉರ್ದುವಿನಲ್ಲಿ, ಕನ್ನಡದಲ್ಲಿ ಹೇಗೆ ತಿರುಗುತ್ತದೆ ಎಂದು ಯೋಚಿಸಿ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಒಂದು ಮಾತು ಆಡುವ ನಿಮಗೆ ಇದು ಹೊರೆಯಲ್ಲ, ಸಂಪತ್ತು. ಒಂದೇ ಭಾಷೆ ಬಲ್ಲವನಿಗೆ ಈ ಹೋಲಿಕೆ ಸಿಗುವುದಿಲ್ಲ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಮಕ್ಕಳ ಕೈಗೆಟಕುವಂತೆ ಒಳ್ಳೆಯ ನಿಘಂಟುಗಳನ್ನು ಇಡೋಣ. 1894ರ ಕಿಟ್ಟೆಲ್ ಅವರ ಕನ್ನಡ ನಿಘಂಟು, 1884ರ ಪ್ಲ್ಯಾಟ್ಸ್ ಅವರ ಉರ್ದು ನಿಘಂಟು, ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’, ಜೊತೆಗೆ ಒಂದು ಇಂಗ್ಲಿಷ್ ನಿಘಂಟು. ಸನ್ಮಾನದ ಶಾಲು ಹಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಸಾಕು.

ಕೊನೆಯದಾಗಿ ಶಿಕ್ಷಕ ಬಾಂಧವರಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17 ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ನಮ್ಮ ಕೈಯ ಬೆತ್ತ ಇಳಿಯಿತು. ಆದರೆ ತಪ್ಪು ಅರ್ಥ ಹೇಳಿದ ಮಗುವನ್ನು ಇಡೀ ತರಗತಿಯ ಮುಂದೆ ನಕ್ಕು ಹಂಗಿಸುವುದೂ ಒಂದು ಬೆತ್ತವೇ. ಸ್ಟಾಫ್ ಎಂದರೆ ಕೋಲು ಎಂದ ಮಗು ಸುಳ್ಳು ಹೇಳಿಲ್ಲ, ಅರ್ಧ ದಾರಿ ಬಂದಿದೆ. ಉಳಿದರ್ಧಕ್ಕೆ ನಾವು ಊರುಗೋಲಾಗಬೇಕು.